ಬೆಟ್ಟದ ಮಠದಿಂದ ಅತ್ತಿಗೆಗೆ

ಮಠದ ಅತಿಥಿಗೃಹ, ಮಹಡಿಯ ಕೋಣೆ
ಅಕ್ಟೋಬರ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ ನಿಮ್ಮ ಮೊಂಡಿಯ ನಮಸ್ಕಾರಗಳು.

ಮೊದಲು ಕಾಲಿನ ವರದಿ ಒಪ್ಪಿಸಿಬಿಡುತ್ತೇನೆ, ಇಲ್ಲದಿದ್ದರೆ ನೀವು ಪತ್ರದ ಉದ್ದಕ್ಕೂ ಅದನ್ನೇ ಹುಡುಕುತ್ತೀರಿ. ಎಡಗಾಲಿನ ಹಿಮ್ಮಡಿಯಲ್ಲೊಂದು ಬೊಬ್ಬೆ, ಬಲಗಾಲಿನ ಕಿರುಬೆರಳಲ್ಲಿ ಇನ್ನೊಂದು. ಎರಡೂ ಒಣಗುತ್ತಿವೆ. ಹೊಸ ಬೂಟು ಹಾಕಿಕೊಂಡು ಹೊರಡಬೇಡ ಎಂದು ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಹದಿನೈದು ವರ್ಷ ವಾರ್ಡಿನಲ್ಲಿ ಎಲ್ಲರಿಗೂ ಬುದ್ಧಿ ಹೇಳಿದ ನರ್ಸಿಗೆ ತನ್ನ ಪಾದದ ವಿಷಯದಲ್ಲಿ ಬುದ್ಧಿ ಇರಲಿಲ್ಲ.

ನಾವು ಒಟ್ಟು ಏಳು ಜನ. ದಾರಿ ತೋರಿಸುವವರು ಭೂಮಾಪನ ಇಲಾಖೆಯಿಂದ ನಿವೃತ್ತರಾದ ಒಬ್ಬ ಹೆಂಗಸು. ವಯಸ್ಸು ಅರವತ್ತೈದು, ನಡಿಗೆ ಇಪ್ಪತ್ತೈದರದ್ದು. ಎಷ್ಟು ದೂರ ಎಂದು ಯಾರು ಕೇಳಿದರೂ "ಇನ್ನೊಂದೇ ತಿರುವು" ಎನ್ನುತ್ತಾರೆ. ಆ ಒಂದು ತಿರುವು ಮುಗಿಯಲು ಒಂದೂವರೆ ಗಂಟೆ ಬೇಕು. ಗುಂಪಿನಲ್ಲಿರುವ ಹಲ್ಲಿನ ಡಾಕ್ಟರು ನಿನ್ನೆ ಏರಿನ ಮಧ್ಯೆ ಬಂಡೆಯ ಮೇಲೆ ಕುಸಿದು ಕೂತು, "ಇವರು ಅಳೆದುಕೊಟ್ಟ ಜಮೀನು ಯಾರಿಗೂ ಪೂರ್ತಿ ಸಿಕ್ಕಿರಲಾರದು" ಎಂದರು. ಮೊದಲ ದಿನ ಹೊಳೆಯ ದಂಡೆ, ಎರಡನೆಯ ದಿನ ಕುರಿಗಳು ಮೇಯುವ ಗುಡ್ಡಗಳು, ನಿನ್ನೆ ಪೂರ್ತಿ ಕಾಡಿನ ಏರು. ಸಂಜೆ ಐದಕ್ಕೆ ಈ ಮಠಕ್ಕೆ ಬಂದು ಸೇರಿದೆವು. ಇವತ್ತು ವಿಶ್ರಾಂತಿ. ನಾಳೆ ಬೆಟ್ಟದ ಆಚೆ ಬದಿಗೆ ಇಳಿದು, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮನೆ ಸೇರುತ್ತೇನೆ.

ಅತ್ತಿಗೆ, ಅಂಗಡಿಯಲ್ಲಿ ಕೂತು ಓದುತ್ತಿದ್ದರೆ ಕನ್ನಡಕದ ಗಾಜು ಉಜ್ಜುವ ಯಂತ್ರ ನಿಲ್ಲಿಸಿ. ಒಳಗಿನ ಕೋಣೆಗೆ ಹೋಗಿ ಕುರ್ಚಿಯ ಮೇಲೆ ಕೂತುಕೊಳ್ಳಿ. ಸುತ್ತಿ ಬಳಸಿ ಹೇಳಲು ಎರಡು ಹಾಳೆ ಹಾಳು ಮಾಡಿ ಹರಿದುಹಾಕಿದ್ದೇನೆ. ನೇರವಾಗಿಯೇ ಹೇಳುತ್ತೇನೆ.

ಅಣ್ಣ ಬದುಕಿದ್ದಾನೆ. ಇದೇ ಮಠದಲ್ಲಿದ್ದಾನೆ. ಇವತ್ತು ಬೆಳಿಗ್ಗೆ ಅವನ ಜೊತೆ ಎರಡು ಗಂಟೆ ಮಾತಾಡಿದೆ. ನಾನು ಈ ನಡಿಗೆಗೆ ಹೆಸರು ಬರೆಸಿದ್ದೇ ಅದಕ್ಕೆ.

ಒಂದು ಲೋಟ ನೀರು ಕುಡಿದು ಮುಂದೆ ಓದಿ.

ನಿನ್ನೆ ಸಂಜೆ ನಮಗೆ ಮಠ ತೋರಿಸಿದವರು ಇಲ್ಲಿಯ ಹಿರಿಯ ಸನ್ಯಾಸಿ. ತುಂಬ ವಯಸ್ಸಾದವರು, ಬೆನ್ನು ಬಾಗಿದೆ, ಕಣ್ಣು ಮಾತ್ರ ಚುರುಕು. ನಾನೂರು ವರ್ಷದ ಕಟ್ಟಡವಂತೆ. ಮೆಟ್ಟಿಲುಗಳ ಕಲ್ಲುಗಳು ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿವೆ. ಊಟದ ಮನೆಯಲ್ಲಿ ಒಂದೇ ಮರದಿಂದ ಸೀಳಿದ ಉದ್ದನೆಯ ಮೇಜು. ಎಲ್ಲರೂ ಮೇಲೆ ಚಾವಣಿಯ ಚಿತ್ರ ನೋಡುತ್ತಿದ್ದರೆ ನಾನು ಎದುರಿಗೆ ಬಂದವರ ಮುಖವನ್ನೆಲ್ಲ ನೋಡುತ್ತಿದ್ದೆ. ಅವನಿರಲಿಲ್ಲ. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು, ಇಲ್ಲಿ ಯಂತ್ರಗಳನ್ನು ರಿಪೇರಿ ಮಾಡುವವರೊಬ್ಬರು ಇದ್ದಾರಂತಲ್ಲ ಎಂದು ಕೇಳಿದೆ. "ನಮ್ಮ ಪಂಪಿನವರಾ? ಬೆಳಿಗ್ಗೆ ತೋಟದ ಹಿಂದಿನ ಶೆಡ್ಡಲ್ಲಿ ಸಿಗ್ತಾರೆ" ಎಂದರು.

ಇಲ್ಲಿ ಅವನಿಗೆ ಅದೇ ಹೆಸರು. ಪಂಪಿನವನು.

ಬೆಳಿಗ್ಗೆ ತಿಂಡಿ ಮುಟ್ಟದೆ ಹೋದೆ. ಎಲೆಕೋಸಿನ ಸಾಲುಗಳ ಆಚೆ ತಗಡಿನ ಶೆಡ್ಡು, ಒಳಗೆ ಬಿಚ್ಚಿ ಹರಡಿದ ನೀರಿನ ಪಂಪು, ಅದರ ಮುಂದೆ ಬಗ್ಗಿ ಕೂತ ಬೆನ್ನು. ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ತಲೆ ಪೂರ್ತಿ ನರೆತಿದೆ, ಹೆಗಲು ಇಳಿದಿದೆ. ನನ್ನ ನೆರಳು ಬಿದ್ದದ್ದಕ್ಕೆ ತಿರುಗಿ ನೋಡಿ, ಸ್ಕ್ರೂಡ್ರೈವರ್ ತೆಗೆದು, "ಕುಡಿಯೋ ನೀರು ಆ ಕಡೆ ಇದೆ ಮೇಡಂ, ಅಡುಗೆಮನೆ ಪಕ್ಕ" ಎಂದ.

ಮೇಡಂ! ನಾನು ಇಪ್ಪತ್ತೆರಡರವಳಿದ್ದಾಗ ಬಿಟ್ಟು ಹೋದವನು. ಮೂವತ್ತೊಂಬತ್ತರ ಈ ಮುಖ ಅವನಿಗೆ ಹೇಗೆ ಗೊತ್ತಾಗಬೇಕು? ದಾರಿಯುದ್ದಕ್ಕೂ ಬೈಗುಳಗಳನ್ನು ಒಂದಕ್ಕೊಂದು ಪೋಣಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು, ಅಣ್ಣ" ಎಂದೆ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ನನ್ನ ಮುಖವನ್ನು ದಿಟ್ಟಿಸಿ, "ಮೊಂಡಿ?" ಎಂದ. ಆಮೇಲೆ ಅತ್ತ. ನಾನು ಅಳಲಿಲ್ಲ ಅತ್ತಿಗೆ. ನೀವು ಅತ್ತು ಮುಗಿಸಿದ್ದನ್ನು ನೋಡಿದವಳು ನಾನು. ಪೊಲೀಸ್ ಠಾಣೆಯ ಬೆಂಚಿನಲ್ಲಿ, ಆಸ್ಪತ್ರೆಗಳ ಶವಾಗಾರದ ಬಾಗಿಲಲ್ಲಿ ನಿಮ್ಮ ಪಕ್ಕ ನಿಂತವಳು ನಾನು. ಅವನ ಕಣ್ಣೀರಿಗೆ ಸಾಲವಾಗಿ ಕೊಡಲೂ ನನ್ನ ಹತ್ತಿರ ಕನಿಕರ ಇರಲಿಲ್ಲ.

ಯಾಕೆ ಹೋದೆ ಎಂದು ಕೇಳಿದೆ. ಹೇಳಿದ. ಅವನು ಹೇಳಿದಂತೆಯೇ ನಿಮಗೆ ಹೇಳುತ್ತೇನೆ, ಒಂದು ಮಾತೂ ಸೇರಿಸುವುದಿಲ್ಲ.

ಅವನು ಟೈಪ್‌ರೈಟರು, ನಕಲು ಯಂತ್ರ ರಿಪೇರಿ ಮಾಡುತ್ತಿದ್ದ ಕಂಪನಿಯವರು ನಾಳೆಯಿಂದ ಬರಬೇಡ ಎಂದಿದ್ದರಂತೆ. ಅದನ್ನು ನಿಮಗೆ ಹೇಳಲು ಬಾಯಿ ಬರಲಿಲ್ಲ. ಮೂರು ವಾರ ದಿನಾ ಬೆಳಿಗ್ಗೆ ನೀವು ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಟು, ಉದ್ಯಾನದಲ್ಲಿ ಕೂತು, ಸಂಜೆ ಮನೆಗೆ ಬರುತ್ತಿದ್ದ. ಒಂದು ದಿನ ಕಣ್ಣಿಗೆ ಬಿದ್ದ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋದ. ಅಲ್ಲಿಂದ ಕಾಲು ಕರೆದುಕೊಂಡು ಹೋದತ್ತ ನಡೆದ. ಮಠದಲ್ಲಿ ಒಂದು ರಾತ್ರಿಗೆ ಜಾಗ ಕೊಟ್ಟರು. ಬೆಳಿಗ್ಗೆ ಕೆಟ್ಟು ನಿಂತ ಪಂಪು ಸರಿ ಮಾಡಿಕೊಟ್ಟ. ಎಲ್ಲರೂ ಹೊಗಳಿದರು. ಇನ್ನೊಂದು ದಿನ ಇದ್ದು ಹೋಗೋಣ ಅನ್ನಿಸಿತು.

"ಒಂದು ದಿನ ತಡ ಆದ್ರೆ ನೆಪ ಹೇಳಬಹುದು. ಒಂದು ವಾರಕ್ಕೂ ಹೇಗೋ ಹೇಳಬಹುದು. ಒಂದು ತಿಂಗಳು ಆದ್ಮೇಲೆ ಯಾವ ನೆಪವೂ ಸಾಲಲ್ಲ. ಒಂದು ವರ್ಷ ಆದ್ಮೇಲೆ ಮುಖ ಅನ್ನೋದೇ ಉಳಿಯಲ್ಲ" ಎಂದ. ಅಷ್ಟೇ. ಬೇರೆ ಹೆಂಗಸಿಲ್ಲ, ವೈರಾಗ್ಯವಿಲ್ಲ, ದೇವರೂ ಇಲ್ಲ. ಹಿರಿಯ ಸನ್ಯಾಸಿಯವರೇ ಆಮೇಲೆ ನನಗೆ ಹೇಳಿದರು: ಇವನನ್ನು ದೀಕ್ಷೆ ತೆಗೆದುಕೊಳ್ಳುತ್ತೀಯಾ ಎಂದು ಮೂರು ಸಲ ಕೇಳಿದರಂತೆ. "ನಾನು ಬಿಟ್ಟು ಬಂದವನಲ್ಲ, ಓಡಿ ಬಂದವನು" ಎಂದನಂತೆ. "ಓಡಿ ಬಂದವರಿಗೆ ನಮ್ಮಲ್ಲಿ ದೀಕ್ಷೆ ಇಲ್ಲಮ್ಮ, ಊಟ ಇದೆ" ಎಂದು ಅವರು ನಕ್ಕರು.

ಇಲ್ಲಿಯವರೆಗೆ ಅವನ ತಪ್ಪಿನ ಕಥೆ. ಇನ್ನು ನನ್ನದು.

ಮಾತಿನ ಮಧ್ಯೆ ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಒಂಬತ್ತು ವರ್ಷದ ಹಿಂದೆ ಅವಳಿಗೆ ಒಂದು ಪತ್ರ ಹಾಕಿದ್ದೆ. ಉತ್ತರ ಬರ್ಲಿಲ್ಲ. ಅದೇ ಉತ್ತರ ಅಂದ್ಕೊಂಡೆ."

ಆ ಪತ್ರ ಬಂದಿತ್ತು, ಅತ್ತಿಗೆ. ನಿಮ್ಮ ಹೆಸರಿಗೆ ಬಂದಿತ್ತು. ನೀವು ಅಂಗಡಿಗೆ ಹೋಗಿದ್ದಿರಿ, ನನಗೆ ರಜೆ. ಅಮ್ಮ ಪಾರ್ಶ್ವವಾಯು ಹೊಡೆದು ಮಲಗಿ ಒಂದು ವರ್ಷವಾಗಿತ್ತು. ಅಂಚೆಯವನ ಕೈಯಿಂದ ತೆಗೆದುಕೊಂಡೆ, ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು, ಒಡೆದು ಓದಿದೆ. ಬದುಕಿದ್ದೇನೆ, ಇಂಥ ಕಡೆ ಇದ್ದೇನೆ, ಕ್ಷಮೆ ಕೇಳಲೂ ಮುಖವಿಲ್ಲ ಎಂದು ಎಂಟು ಸಾಲು. ಅಮ್ಮನ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಪತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕೆಲಸಕ್ಕೆ ಹೋದೆ.

ಸಂಜೆ ಕೊಡೋಣ ಎಂದುಕೊಂಡೆ. ಸಂಜೆ ನೀವು ಬಂದು, ಚಪ್ಪಲಿ ಬಿಡುವ ಮೊದಲೇ ಅಮ್ಮನ ಹಣೆ ಮುಟ್ಟಿ ನೋಡಿದಿರಿ. ಅದನ್ನು ನೋಡಿ ನನಗೆ ಭಯವಾಯಿತು. ಈ ಪತ್ರ ಕೊಟ್ಟರೆ ಇವರು ನಾಳೆಯೇ ಅವನನ್ನು ಹುಡುಕಿಕೊಂಡು ಹೋಗುತ್ತಾರೆ, ಮಲಗಿದ ಅಮ್ಮನ ಜೊತೆ ನಾನೊಬ್ಬಳೇ ಉಳಿಯುತ್ತೇನೆ ಎಂದು. ನಿಮಗೆ ನೋವಾದೀತು ಎಂದಲ್ಲ. ನನಗೆ ಕಷ್ಟವಾದೀತು ಎಂದು. ನಾಳೆ ಕೊಡೋಣ ಎಂದುಕೊಂಡೆ. ನಾಳೆಯಾಯಿತು, ನಾಡಿದ್ದಾಯಿತು. ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಕೊಡಲಿಲ್ಲ ಎಂದು ನೀವು ಕೇಳುತ್ತೀರಲ್ಲ ಎಂಬ ಭಯ ಮೊದಲಿನ ಭಯಕ್ಕಿಂತ ದೊಡ್ಡದಾಯಿತು. ಅಮ್ಮ ಹೋದ ಮೇಲೆ ಭಯಕ್ಕೆ ಕಾರಣವೇ ಉಳಿಯಲಿಲ್ಲ. ನಾಚಿಕೆ ಮಾತ್ರ ಉಳಿಯಿತು. ಎರಡು ಸಲ ಬಸ್ಸು ಹತ್ತಿ ಈ ಬೆಟ್ಟದ ಬುಡದವರೆಗೆ ಬಂದು, ಅದೇ ಬಸ್ಸಿನಲ್ಲಿ ವಾಪಸಾದೆ. ಆಸ್ಪತ್ರೆಯಲ್ಲಿ ಡಬಲ್ ಡ್ಯೂಟಿ ಎಂದು ನಿಮಗೆ ಹೇಳಿದ್ದೆ. ಅದಕ್ಕೇ ಈ ಸಲ ಕಾಲ್ನಡಿಗೆಯ ಗುಂಪಿಗೆ ಸೇರಿದ್ದು. ಆ ಭೂಮಾಪನದ ಹೆಂಗಸು ಯಾರನ್ನೂ ಅರ್ಧದಾರಿಯಿಂದ ವಾಪಸ್ ಬಿಡುವವರಲ್ಲ.

ಅಣ್ಣ ನೆಪಗಳ ಲೆಕ್ಕ ಹೇಳುತ್ತಿದ್ದಾಗ ನನಗೆ ಹೇಗಾಗಿರಬೇಕು ಹೇಳಿ. ಅವನನ್ನು ಕಟಕಟೆಯಲ್ಲಿ ನಿಲ್ಲಿಸಲು ಹೋದವಳು ಪಕ್ಕದಲ್ಲೇ ನಿಂತಿದ್ದೆ. ಅವನಿಗೂ ಹೇಳಿದೆ, ಮುಚ್ಚಿಡಲಿಲ್ಲ. "ಪತ್ರ ಅತ್ತಿಗೆಗೆ ಕೊಡಲೇ ಇಲ್ಲ. ನಾನೇ ಇಟ್ಕೊಂಡೆ" ಎಂದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಎದ್ದು ಹೋಗಿ ನಲ್ಲಿಯ ಕೆಳಗೆ ಎಣ್ಣೆಗೈ ತೊಳೆದುಕೊಂಡ. ಎಷ್ಟು ಹೊತ್ತು ತೊಳೆದನೆಂದರೆ ಸೋಪು ಅರ್ಧ ಸವೆದಿರಬೇಕು. ತಿರುಗದೆಯೇ ಹೇಳಿದ: "ಇಬ್ಬರೂ ಒಂದೇ ತಾಯಿ ಮಕ್ಕಳು ಅಲ್ವಾ."

ಆ ಮಾತು ನನಗೆ ಹೊಡೆದ ಹಾಗೆ ತಾಗಿತು. ಅವನು ಸಮಾಧಾನಕ್ಕೆ ಹೇಳಿರಬಹುದು, ನನಗೆ ಆ ಸಮಾಧಾನ ಬೇಡ. "ಇರಬಹುದು. ಆದರೆ ನಾನು ಇವತ್ತಿಗೆ ನಿಲ್ಲಿಸ್ತೀನಿ" ಎಂದೆ. ಚೀಲದಿಂದ ಕಾಗದ ತೆಗೆದು ಪಂಪಿನ ಪಕ್ಕ ಇಟ್ಟೆ.

ಯಾವ ಕಾಗದ ಎಂದರೆ: ನಮ್ಮ ವಾರ್ಡಿನಲ್ಲಿ ಮಂಡಿಯ ಆಪರೇಷನ್ ಮಾಡಿಸಿಕೊಂಡ ವಕೀಲರೊಬ್ಬರಿದ್ದರಲ್ಲ, ಅವರ ಕೈಯಲ್ಲಿ ಬರೆಸಿದ್ದು. ಮದುವೆಯಿಂದ ನಿಮ್ಮನ್ನು ಬಿಡುಗಡೆ ಮಾಡಲು ತನ್ನ ಒಪ್ಪಿಗೆ ಇದೆ, ಕರೆದ ದಿನ ಕೋರ್ಟಿಗೆ ಬಂದು ಹೇಳುತ್ತೇನೆ ಎಂದು. ಏಳು ವರ್ಷ ಕಾಣದಿದ್ದವನನ್ನು ಸತ್ತವನೆಂದು ಬರೆಸಿಬಿಡಿ ಎಂದು ಎಲ್ಲರೂ ನಿಮಗೆ ಹೇಳಿದರು. "ಬದುಕಿರಬಹುದಾದವರನ್ನ ನಾನು ಕಾಗದದಲ್ಲಿ ಸಾಯಿಸಲ್ಲ" ಎಂದಿರಿ. ಅದನ್ನು ನೀವು ಹೇಳಿದಾಗ ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ. ಆ ಪತ್ರ ಮೂರು ಮಾರು ದೂರದಲ್ಲಿ ನನ್ನ ಟ್ರಂಕಿನೊಳಗಿತ್ತು.

ಮತ್ತೆ ಗಣಿತದ ಮೇಷ್ಟ್ರ ವಿಷಯ. ಮುಚ್ಚಿಡಲು ನೋಡಬೇಡಿ, ಇಡೀ ಬೀದಿಗೆ ಗೊತ್ತು. ಕನ್ನಡಕದ ಸ್ಕ್ರೂ ತಾವೇ ಸಡಿಲಿಸಿಕೊಂಡು ವಾರಕ್ಕೊಮ್ಮೆ ಬಿಗಿ ಮಾಡಿಸಲು ಬರುವ ಮನುಷ್ಯ ಮೂರು ವರ್ಷದಲ್ಲಿ ಅವರೊಬ್ಬರೇ. ಜೂನಿನಲ್ಲಿ ಅವರು ನಿಮ್ಮನ್ನು ಕೇಳಿದ್ದು, ನೀವು "ನಾನು ಹೆಂಡತಿಯೋ ವಿಧವೆಯೋ ನನಗೇ ಗೊತ್ತಿಲ್ಲ, ನಿಮಗೇನು ಹೇಳಲಿ" ಎಂದದ್ದು, ಅವರು "ಗೊತ್ತಾಗೋವರೆಗೂ ಕಾಯ್ತೀನಿ" ಎಂದು ಛತ್ರಿ ಮರೆತು ಹೋದದ್ದು ನನಗೆ ನೀವೇ ಹೇಳಿದಿರಿ. ಹೇಳುತ್ತ ನಕ್ಕಿರಿ. ನಕ್ಕು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಆ ಬಾಗಿಲಿನ ಹೊರಗೆ ನಿಂತು ನಾನು ತೀರ್ಮಾನ ಮಾಡಿದೆ. ನಿಮ್ಮ ಬದುಕಿನ ಕೀಲಿಕೈ ನನ್ನ ಸೆರಗಿನಲ್ಲಿ ಕಟ್ಟಿಕೊಂಡು, ನಿಮ್ಮ ಕೈಯ ಅನ್ನ ಉಣ್ಣುತ್ತಿದ್ದೇನೆ ಎನ್ನಿಸಿತು.

ಅನ್ನದ ಮಾತು ಬರಿಯ ಮಾತಲ್ಲ. ನರ್ಸಿಂಗ್ ಕೋರ್ಸಿಗೆ ನನ್ನನ್ನು ಸೇರಿಸಿದ್ದು ನೀವು. ಪರೀಕ್ಷೆಗೆ ಓದುವಾಗ ನನ್ನ ಪಕ್ಕ ಕೂತು, ಒಂದಕ್ಷರ ಅರ್ಥವಾಗದಿದ್ದರೂ ಮೂಳೆಗಳ ಹೆಸರನ್ನು ಪುಸ್ತಕ ನೋಡಿ ಕೇಳುತ್ತಿದ್ದದ್ದು ನೀವು. ಬಿಟ್ಟು ಹೋದ ಗಂಡನ ತಾಯಿಯನ್ನು ಆರು ವರ್ಷ ಮಗುವಿನ ಹಾಗೆ ನೋಡಿಕೊಂಡದ್ದು ನೀವು. ನಾನು ಮಾಡಿದ್ದು ಇದು.

ಅಣ್ಣ ಕಾಗದವನ್ನು ಎರಡು ಸಲ ಓದಿದ. ಮೇಷ್ಟ್ರ ವಿಷಯವನ್ನೂ ನಾನೇ ಹೇಳಿದೆ. ಒಳ್ಳೆಯವರಾ ಎಂದು ಕೇಳಿದ. ಹೂಂ ಎಂದೆ. ಸಹಿ ಮಾಡಿದ. ಹಿರಿಯ ಸನ್ಯಾಸಿಯವರೂ ನಮ್ಮ ಭೂಮಾಪನದ ಅಮ್ಮನೂ ಸಾಕ್ಷಿ ಹಾಕಿದ್ದಾರೆ. ಆಕೆ ಸಹಿ ಹಾಕುವಾಗ ಏನೂ ಕೇಳಲಿಲ್ಲ. ಮುಗಿದ ಮೇಲೆ ನನ್ನ ಬೆನ್ನು ತಟ್ಟಿ, "ಕಡಿದಾದ ಏರು ಮುಗೀತು, ಆದ್ರೆ ಇಳಿಜಾರಲ್ಲೇ ಕಾಲು ಜಾರೋದು, ನೋಡ್ಕೊಂಡು ನಡಿ" ಎಂದರು.

ಆ ಕಾಗದ, ಒಂಬತ್ತು ವರ್ಷದ ಹಿಂದಿನ ಅವನ ಪತ್ರ, ಎರಡನ್ನೂ ಇದರ ಜೊತೆಗೇ ಇಟ್ಟಿದ್ದೇನೆ. ಇಲ್ಲಿಗೆ ಅಂಚೆ ವ್ಯಾನು ನಾಲ್ಕು ಗಂಟೆಗೆ ಬರುತ್ತದೆ. ನಿಮಗೆ ಶನಿವಾರ ಸಿಗಬೇಕು. ಫೋನು ಇಲ್ಲಿ ಹಿಡಿಯುವುದಿಲ್ಲ. ಹಿಡಿದಿದ್ದರೂ ಮಾಡುತ್ತಿರಲಿಲ್ಲ. ನಿಮ್ಮ ಉಸಿರಿನ ಸದ್ದು ಕೇಳಿದ ಕೂಡಲೇ ಅರ್ಧ ಮಾತು ನುಂಗಿಬಿಡುತ್ತೇನೆ, ನನಗೆ ನಾನು ಗೊತ್ತು. ಭಾನುವಾರ ನಾನು ಬರುವ ಮೊದಲು ನಿಮಗೆ ಒಂದು ದಿನ ಸಿಗುತ್ತದೆ. ಬಾಗಿಲು ತೆಗೆಯುವುದೋ ಬೇಡವೋ ಎಂದು ಯೋಚಿಸಿ. ತೆಗೆಯದಿದ್ದರೆ ನಾನು ಬಡಿಯುವುದಿಲ್ಲ. ಆಸ್ಪತ್ರೆಯ ನರ್ಸ್ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಕೇಳಿಟ್ಟಿದ್ದೇನೆ, ಹೊರಡುವ ಮೊದಲೇ ಅರ್ಜಿ ಕೊಟ್ಟು ಬಂದೆ. ನೀವು ಕ್ಷಮಿಸಿದರೂ ಅಲ್ಲಿಗೆ ಹೋಗುತ್ತೇನೆ. ನನ್ನ ಅತ್ತಿಗೆ ನನಗೋಸ್ಕರ ಇನ್ನೊಂದು ದಿನವೂ ಆ ಮನೆಯಲ್ಲಿ ಕಟ್ಟುಬಿದ್ದಿರಬಾರದು. ಬೇಡ ಎನ್ನಬೇಡಿ, ನಿಮ್ಮ ಮಾತು ಕೇಳುವುದಿಲ್ಲ. ಮೊಂಡಿ ಎಂದು ಹೆಸರಿಟ್ಟವರು ನೀವೇ.

ಕ್ಷಮಿಸಿ ಎಂದು ಈ ಪತ್ರದಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ಅದು ತುಂಬ ಸುಲಭ. ಎದುರಿಗೆ ನಿಂತು ಕೇಳುತ್ತೇನೆ, ಬೈಯಲು ನಿಮಗೂ ಅನುಕೂಲ.

ಸೋಮವಾರ ನನಗೆ ರಜೆ ಇದೆ. ವಕೀಲರು ಹತ್ತು ಗಂಟೆಗೆ ಬರಲು ಹೇಳಿದ್ದಾರೆ. ನೀವು ಸಹಿ ಹಾಕಿದರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಹದಿನೇಳು ವರ್ಷ ಕಾದದ್ದು ಸಾಕು. ಮೇಷ್ಟ್ರಿಗೆ ಹೂಂ ಅನ್ನಿ, ಅತ್ತಿಗೆ.

ಇಂತಿ ನಿಮ್ಮ ಪ್ರೀತಿಗೆ ಲಾಯಕ್ಕಾಗಲು ಇನ್ನೂ ಬಹಳ ನಡೆಯಬೇಕಾಗಿರುವ
ಮೊಂಡಿ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ, ಅದಕ್ಕೇ ಅಂಚು ಹರಿದಿದೆ. ಒಂದು ಮಾತು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ.

ಸಹಿ ಮಾಡಿ ಪೆನ್ನು ವಾಪಸ್ ಕೊಡುವಾಗ ಅಣ್ಣ ಹೇಳಿದ: "ಅವಳು ಬೇಡ ಅಂದ್ರೆ ಈ ಸಹಿ ಇದೆ, ಕೋರ್ಟಿಗೂ ಬರ್ತೀನಿ. ಅಕಸ್ಮಾತ್ ಬಾ ಅಂದ್ರೆ, ಮನೆಗೆ ಬರ್ತೀನಿ. ಇದನ್ನ ಅವಳಿಗೆ ಹೇಳ್ತೀಯಾ?" ಹೇಳುತ್ತೇನೆ ಎಂದೆ. ಆಮೇಲೆ ಈ ಕೋಣೆಗೆ ಬಂದು ಇಷ್ಟೆಲ್ಲ ಬರೆದೆ, ಅದನ್ನು ಬರೆಯಲಿಲ್ಲ. ನನಗೆ ಅವನು ಬರುವುದು ಬೇಡ. ನಿಮಗೆ ಮೇಷ್ಟ್ರೇ ಸರಿ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಹೀಗೆ ನಿಮ್ಮ ಪರವಾಗಿ ತೀರ್ಮಾನ ಮಾಡುವ ಹಕ್ಕು ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹಾಳೆಯ ಹಿಂಬದಿಯಲ್ಲಿ ಮಠದ ವಿಳಾಸ ಬರೆದಿದ್ದೇನೆ. ಬಾ ಎನ್ನಿ, ಬೇಡ ಎನ್ನಿ, ಏನೇ ಇದ್ದರೂ ಅವನಿಗೆ ನೀವೇ ಬರೆಯಿರಿ. ಬರೆದದ್ದನ್ನು ಅಂಚೆಗೆ ಹಾಕಲು ದಯವಿಟ್ಟು ನನ್ನ ಕೈಗೆ ಕೊಡಬೇಡಿ.